ಕನ್ನಡಕ ತಂದಿಲ್ಲ

ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅವ್ವ ಮೊದಲ ಸಲ ಒಬ್ಬಳೇ ಬೆಂಗಳೂರಿಗೆ ಬಂದಿದ್ದಳು. ಚನ್ನರಾಯಪಟ್ಟಣದಲ್ಲಿ ಬಸ್ಸು ಹತ್ತಿಸಿದ್ದು ಅಪ್ಪ, ಮೆಜೆಸ್ಟಿಕ್‌ನಲ್ಲಿ ಇಳಿಸಿಕೊಳ್ಳಬೇಕಾದವನು ನಾನು. ನಾನು ಅರ್ಧ ಗಂಟೆ ಲೇಟು. ಜೊತೆಗೆ ಇಬ್ಬರು ಫ್ರೆಂಡ್ಸ್ ಬೇರೆ ಇದ್ದರು. ನಾವು ಹೋಗುವಷ್ಟರಲ್ಲಿ ಅವ್ವ ಎರಡು ಬ್ಯಾಗ್ ಹೊತ್ತುಕೊಂಡು ಸಿಟಿ ಬಸ್ಸುಗಳ ಕಡೆಗೆ ಬಂದುಬಿಟ್ಟಿದ್ದಳು. ಎದುರಿಗೆ ಸಿಕ್ಕಿದವರನ್ನೆಲ್ಲ ನಿಲ್ಲಿಸಿ, ‘ಈ ಬಸ್ಸು ಎಲ್ಲಿಗೋಯ್ತದಪ್ಪ?’ ಅಂತ ಕೇಳ್ತಾ ಇದ್ದಳು.

ನನಗೆ ಮುಖ ಬಿಸಿಯಾಯ್ತು. ‘ಅಷ್ಟು ದೊಡ್ಡದಾಗಿ ಬೋರ್ಡ್ ಬರೆದಿದ್ದಾರಲ್ಲ, ಕಾಣ್ಸಲ್ವಾ ನಿಂಗೆ?’ ಅಂದೆ.

ಅವ್ವ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ನನ್ನ ಫ್ರೆಂಡ್ಸ್ ಕಡೆ ತಿರುಗಿ ನಕ್ಕು, ‘ಕನ್ನಡಕ ತಂದಿಲ್ಲ ಕಣಪ್ಪ’ ಅಂದಳು.

ಅವ್ವನ ಹತ್ತಿರ ಕನ್ನಡಕವೇ ಇರಲಿಲ್ಲ. ಅವಳಿಗೆ ಓದೋಕೆ ಬರೋದಿಲ್ಲ ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತು ಅನ್ನೋದು ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನ್ನ ಫ್ರೆಂಡ್ಸ್‌ಗೆ ಮಾತ್ರ. ಆ ಸುಳ್ಳು ಅವಳ ಮಾನ ಉಳಿಸೋಕೆ ಹೇಳಿದ್ದೋ ನನ್ನ ಮಾನ ಉಳಿಸೋಕೆ ಹೇಳಿದ್ದೋ, ಆವತ್ತು ನಾನು ಯೋಚಿಸಲಿಲ್ಲ. ಆಟೋ ಹಿಡಿದೆವು. ಮಾತು ಅಲ್ಲಿಗೇ ಮುಗೀತು. ಅದು ಮತ್ತೆ ನೆನಪಾದದ್ದು ಐದು ವರ್ಷದ ನಂತರ, ಬೀಜಿಂಗ್‌ನ ಒಂದು ಪೋಸ್ಟ್ ಆಫೀಸಿನ ಕೌಂಟರ್ ಮುಂದೆ.

ಬೀಜಿಂಗ್‌ಗೆ ಯಾಕೆ ಹೋದೆ ಅಂತ ಎಲ್ಲರೂ ಕೇಳ್ತಾರೆ. ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ನಮ್ಮ ಪ್ರಾಜೆಕ್ಟಿನ ಹಾರ್ಡ್‌ವೇರ್ ಎಲ್ಲ ಶೆಂಜೆನ್‌ನಿಂದ ಬರ್ತಿತ್ತು. ವಾರಕ್ಕೆರಡು ಕಾಲ್. ಅವರು ತಮ್ಮೊಳಗೇ ಹತ್ತು ನಿಮಿಷ ಚೀನೀ ಭಾಷೆಯಲ್ಲಿ ಮಾತಾಡಿ, ಕೊನೆಗೆ ನಮಗೆ ಇಂಗ್ಲಿಷಿನಲ್ಲಿ ‘ಓಕೆ’ ಅಂತ ಒಂದೇ ಪದ ಹೇಳ್ತಿದ್ದರು. ಆ ಹತ್ತು ನಿಮಿಷದಲ್ಲಿ ಏನಿತ್ತು ಅನ್ನೋ ಕುತೂಹಲ ನನ್ನನ್ನು ಬಿಡಲಿಲ್ಲ. ಚೀನಾ ಸರ್ಕಾರ ಭಾಷೆ ಕಲಿಯೋಕೆ ಸ್ಕಾಲರ್‌ಶಿಪ್ ಕೊಡುತ್ತೆ ಅಂತ ಗೊತ್ತಾದಾಗ ಅರ್ಜಿ ಹಾಕಿದೆ. ಸಿಕ್ಕಿತು. 2018ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಕೋರ್ಸಿಗೆ ಬೀಜಿಂಗ್ ಲ್ಯಾಂಗ್ವೇಜ್ ಆ್ಯಂಡ್ ಕಲ್ಚರ್ ಯೂನಿವರ್ಸಿಟಿ ಸೇರಿದೆ.

ಆ ವಿಶ್ವವಿದ್ಯಾಲಯದ ಬಗ್ಗೆ ಸ್ವಲ್ಪ ಹೇಳಬೇಕು. ಶುರುವಾದದ್ದು 1962ರಲ್ಲಿ, ಹೊರದೇಶದಿಂದ ಬರುವ ವಿದ್ಯಾರ್ಥಿಗಳಿಗೆ ಚೀನೀ ಭಾಷೆ ಕಲಿಸೋದಕ್ಕೆ ಅಂತಲೇ. ಚೀನೀ ಭಾಷೆಗೆ ಇವತ್ತು ಜಗತ್ತಿನಾದ್ಯಂತ ನಡೆಯುವ ಎಚ್‌ಎಸ್‌ಕೆ ಪರೀಕ್ಷೆಯ ಮೂಲ ರೂಪ 1980ರ ದಶಕದಲ್ಲಿ ತಯಾರಾದದ್ದೂ ಇಲ್ಲೇ. ಊರಿನವರು ಇದನ್ನು ‘ಪುಟ್ಟ ವಿಶ್ವಸಂಸ್ಥೆ’ ಅಂತಾರೆ. ಅದು ಬರೀ ಹೊಗಳಿಕೆ ಅಲ್ಲ. ನಮ್ಮ ಕ್ಲಾಸಿನ ಇಪ್ಪತ್ತು ಜನರಲ್ಲಿ ಕೊರಿಯಾ, ಜಪಾನ್, ಥಾಯ್ಲೆಂಡ್, ರಷ್ಯಾ, ಯೆಮನ್, ಸುಡಾನ್, ಇಟಲಿ, ಪಾಕಿಸ್ತಾನ ಎಲ್ಲ ಇದ್ದವು. ಕಜಕಿಸ್ತಾನದ ಒಬ್ಬ ಹುಡುಗಿ ಇದ್ದಳು. 2019ರ ಮಾರ್ಚ್‌ನಲ್ಲಿ ಟೊಕಾಯೆವ್ ಅವರ ದೇಶದ ಅಧ್ಯಕ್ಷರಾದಾಗ ಅವಳು ಇಡೀ ಕ್ಲಾಸಿಗೆ ಚಾಕೊಲೇಟ್ ಹಂಚಿದಳು. ಆತ 1980ರ ದಶಕದಲ್ಲಿ ಚೀನೀ ಕಲಿತದ್ದು ಇದೇ ಸಂಸ್ಥೆಯಲ್ಲಂತೆ. ‘ಅವರೂ ನಮ್ಮ ಹಾಗೇ ಡಿಕ್ಟೇಶನ್‌ನಲ್ಲಿ ತಪ್ಪು ಮಾಡಿರ್ತಾರೆ’ ಅಂತ ಅವಳಿಗೆ ಖುಷಿಯೋ ಖುಷಿ.

ಕ್ಯಾಂಪಸ್ ಪಕ್ಕದ ಏರಿಯಾದ ಹೆಸರು ವೂದಾವ್‌ಖೌ. ವೂ ಅಂದರೆ ಐದು, ದಾವ್‌ಖೌ ಅಂದರೆ ರೈಲ್ವೆ ಕ್ರಾಸಿಂಗ್. ಅಂದರೆ ನಮ್ಮ ಬೆಂಗಳೂರಿನ ಲೆಕ್ಕದಲ್ಲಿ ‘ಐದನೇ ಕ್ರಾಸ್’! ಚೀನಾದವರೇ ವಿನ್ಯಾಸ ಮಾಡಿ ಕಟ್ಟಿದ, 1909ರಲ್ಲಿ ಮುಗಿದ ಬೀಜಿಂಗ್-ಜಾಂಗ್‌ಜಿಯಾಖೌ ರೈಲು ದಾರಿ ಇಲ್ಲಿ ಹಾದು ಹೋಗ್ತಿತ್ತು. ನಾನು ಹೋದಾಗ ಹಳೇ ಹಳಿ ಮುಚ್ಚಿ, ನೆಲದಡಿ ಹೈಸ್ಪೀಡ್ ರೈಲಿನ ಕೆಲಸ ನಡೀತಿತ್ತು. ಕ್ರಾಸಿಂಗ್ ಇರಲಿಲ್ಲ, ಹೆಸರು ಮಾತ್ರ ಉಳಿದಿತ್ತು. ಅಲ್ಲಿನ ಹುಡುಗರು ತಮಾಷೆಗೆ ಆ ಜಾಗವನ್ನು ‘ಬ್ರಹ್ಮಾಂಡದ ಕೇಂದ್ರ’ ಅಂತಾರೆ.

ಆ ಬ್ರಹ್ಮಾಂಡದ ಕೇಂದ್ರದಲ್ಲಿ ಇಳಿದ ಮೊದಲ ದಿನ ನನಗೆ ಒಂದು ವಿಷಯ ಅರ್ಥ ಆಯ್ತು. ನಾನು ನಿರಕ್ಷರಿ. ಕೈಯಲ್ಲಿ ಬಿ.ಇ. ಡಿಗ್ರಿ, ಮೂರು ಪ್ರೋಗ್ರಾಮಿಂಗ್ ಭಾಷೆ, ಆದರೆ ಅಂಗಡಿಯ ಬೋರ್ಡ್ ಓದೋಕೆ ಬರಲ್ಲ. ಶ್ಯಾಂಪೂ ಯಾವುದು, ಪಾತ್ರೆ ತೊಳೆಯೋ ಲಿಕ್ವಿಡ್ ಯಾವುದು ಅಂತ ಬಾಟಲಿ ಮೇಲಿನ ಚಿತ್ರ ನೋಡಿ ಊಹಿಸಬೇಕು. ಉಪ್ಪು ಅಂತ ತಂದದ್ದು ಅಜಿನೊಮೊಟೊ. ಕ್ಯಾಂಟೀನಿನಲ್ಲಿ ಮುಂದೆ ನಿಂತವನ ತಟ್ಟೆ ತೋರಿಸಿ ‘ಅದೇ’ ಅಂತ ಸನ್ನೆ ಮಾಡಬೇಕು. ಮಾಂಥೌ ಅಂತ ಹಬೆಯಲ್ಲಿ ಬೇಯಿಸಿದ ಬಿಳೀ ಉಂಡೆ ಸಿಗುತ್ತೆ, ಗಾತ್ರದಲ್ಲಿ ನಮ್ಮ ಮುದ್ದೆಯಷ್ಟೇ. ಮೊದಲ ಹದಿನೈದು ದಿನ ಅದೇ ನನ್ನ ಊಟ. ಇಷ್ಟ ಅಂತಲ್ಲ, ತೋರಿಸೋಕೆ ಸುಲಭ ಅಂತ.

ಇನ್ನು ಮಾತು. ಚೀನೀ ಭಾಷೆಯಲ್ಲಿ ನಾಲ್ಕು ಸ್ವರ. ‘ಮಾ’ ಅನ್ನೋದನ್ನು ಎತ್ತರದಲ್ಲಿ ಸಮನಾಗಿ ಎಳೆದರೆ ಅಮ್ಮ, ಮೇಲೆ ಏರಿಸಿದರೆ ಸೆಣಬು, ಇಳಿಸಿ ಏರಿಸಿದರೆ ಕುದುರೆ, ದಡಕ್ಕನೆ ಇಳಿಸಿದರೆ ಬೈಗುಳ. ಕ್ಲಾಸಿನಲ್ಲಿ ಯುರೋಪಿನವರು ತಲೆ ಮೇಲೆ ಕೈಹೊತ್ತು ಕೂತಾಗ ನನಗೆ ಅವ್ವನ ‘ಹೂಂ’ ನೆನಪಾಯ್ತು. ಫೋನಿನಲ್ಲಿ ಕಥೆ ಕೇಳುವಾಗ ಅವಳು ಹೇಳೋ ಸಮಾಧಾನದ ಹೂಂ ಒಂದು. ‘ಹೂಂ?’ ಅಂತ ಕೇಳೋದು ಇನ್ನೊಂದು. ನಾನು ಸುಳ್ಳು ಹೇಳ್ತಿದ್ದೀನಿ ಅಂತ ಗೊತ್ತಾದಾಗ ಕೆಳಗಿಳಿದು ಮೇಲೆ ಬರುವ ‘ಹೂ...ಊಂ’ ಮತ್ತೊಂದು. ಮಾತು ಸಾಕು ಅನ್ನೋ ‘ಹೂಂ!’ ಕೊನೆಯದು. ನಾಲ್ಕೂ ಸ್ವರ ನಮ್ಮ ಮನೆಯಲ್ಲೇ ಇದ್ದವು!

ಇನ್ನೊಂದು ಅನುಕೂಲವೂ ಇತ್ತು. ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಅಂತಾರೆ. ಅದರಲ್ಲಿ ‘ಬಿ’ ಅಕ್ಷರ ಅಂದರೆ ಹೆಚ್ಚುಕಡಿಮೆ ನಮ್ಮ ಪ, ‘ಪಿ’ ಅಂದರೆ ಮಹಾಪ್ರಾಣ ಫ. ‘ಡಿ’ ಅಂದರೆ ತ, ‘ಟಿ’ ಅಂದರೆ ಥ. ‘ಜಿ’ ಅಂದರೆ ಕ, ‘ಕೆ’ ಅಂದರೆ ಖ. ಇದು ಗೊತ್ತಾದ ದಿನ ನಾನು ನೋಟ್‌ಬುಕ್ಕಿನ ಹಿಂದೆ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಳ್ಳೋಕೆ ಶುರು ಮಾಡಿದೆ. ಪ್ರೈಮರಿ ಸ್ಕೂಲಲ್ಲಿ ‘ಬಾಸೆ’ ಅಂದಿದ್ದಕ್ಕೆ, ‘ಕತೆ’ಗೂ ‘ಖತೆ’ಗೂ ಗೊಂದಲ ಮಾಡಿಕೊಂಡಿದ್ದಕ್ಕೆ ಮೇಷ್ಟ್ರ ಕೈಲಿ ತಿಂದ ಏಟು ಹದಿನೈದು ವರ್ಷ ಆದ ಮೇಲೆ ಬೀಜಿಂಗ್‌ನಲ್ಲಿ ಉಪಯೋಗಕ್ಕೆ ಬಂತು.

ಆದರೆ ಬರೆಯೋದು ಮಾತ್ರ ಯಾರಿಗೂ ಸುಲಭ ಇರಲಿಲ್ಲ. ಬೆಳಗ್ಗೆ ಎಂಟಕ್ಕೆ ಕ್ಲಾಸು. ಬಂದ ಕೂಡಲೇ ಡಿಕ್ಟೇಶನ್. ಚೌಕ ಚೌಕ ಮನೆಗಳಿರುವ ಪುಸ್ತಕ. ಒಂದು ಮನೆಗೆ ಒಂದು ಅಕ್ಷರ, ಒಂದೊಂದನ್ನೂ ಇಪ್ಪತ್ತು ಸಲ. ಯಾವ ಗೆರೆ ಮೊದಲು, ಯಾವುದು ಆಮೇಲೆ ಅನ್ನೋದಕ್ಕೂ ನಿಯಮ. ‘ಒಳ್ಳೆಯದು’ ಅಂತ ಬರೆಯೋಕೆ ಎಡಗಡೆ ಹೆಣ್ಣು, ಬಲಗಡೆ ಮಗು. ಚೌಕದ ಬಾಯಿ, ಎರಡು ಕಾಲಿನ ಮನುಷ್ಯ. ‘ಹೊರಗೆ ಹೋಗುವ ದಾರಿ’ ಅನ್ನೋ ಎರಡು ಅಕ್ಷರವನ್ನು ಮೆಟ್ರೋದಲ್ಲಿ ನೋಡಿ ನೋಡಿ ಆಕಾರದಿಂದಲೇ ಗುರುತು ಹಿಡಿದೆ. ಗುಡ್ಡದ ಮೇಲೆ ಗುಡ್ಡ, ಪಕ್ಕದಲ್ಲೊಂದು ಡಬ್ಬಿ. ಅದನ್ನು ಹೇಗೆ ಓದಬೇಕು ಅಂತ ಗೊತ್ತಾಗೋಕೆ ಇನ್ನೂ ಒಂದು ತಿಂಗಳು ಬೇಕಾಯ್ತು.

ನನ್ನ ರೂಮ್‌ಮೇಟ್ ಲಾಹೋರಿನವನು. ಅವನ ಉರ್ದು, ನನ್ನ ಹರುಕು ಹಿಂದಿ, ಎರಡೂ ಸೇರಿ ದಿನ ಸಾಗ್ತಿತ್ತು. ಕುಕ್ಕರ್ ಅವನದು, ಬೇಳೆ ನನ್ನದು. 2019ರ ಫೆಬ್ರವರಿಯಲ್ಲಿ ಪುಲ್ವಾಮಾ, ಬಾಲಾಕೋಟ್ ಆದ ದಿನಗಳಲ್ಲಿ ಇಬ್ಬರೂ ನಮ್ಮ ನಮ್ಮ ಫೋನ್ ಹಿಡಿದು ಗೋಡೆ ಕಡೆ ತಿರುಗಿ ಮಲಗಿದೆವು. ಎರಡು ದಿನ ಮಾತಿಲ್ಲ. ಮೂರನೇ ದಿನ ಅವನು ಚೀನೀ ಭಾಷೆಯಲ್ಲಿ ಕೇಳಿದ, ‘ಊಟ ಆಯ್ತಾ?’ ನಾನೂ ಚೀನೀಯಲ್ಲೇ ‘ಇನ್ನೂ ಇಲ್ಲ’ ಅಂದೆ. ಆಮೇಲೆ ಒಂದು ವಾರ ನಾವು ಆಡಿದ್ದು ಬರೀ ಚೀನೀ. ನಮ್ಮಿಬ್ಬರಿಗೂ ಗೊತ್ತಿದ್ದದ್ದು ಹೆಚ್ಚೆಂದರೆ ಆರೇಳುನೂರು ಪದ. ಅನ್ನ, ಚಳಿ, ಹೋಮ್‌ವರ್ಕ್, ಬಟ್ಟೆ ಒಗೆಯೋದು. ಜಗಳ ಆಡೋಕೆ ಬೇಕಾದ ಪದಗಳನ್ನು ನಮಗೆ ಇನ್ನೂ ಕಲಿಸಿರಲಿಲ್ಲ.

ಈಗ ಪೋಸ್ಟ್ ಆಫೀಸಿನ ಕಥೆಗೆ ಬರ್ತೀನಿ. ಅದು ಇದಕ್ಕೂ ಮೊದಲು, ಡಿಸೆಂಬರ್‌ನಲ್ಲಿ ನಡೆದದ್ದು.

ಊರಿಂದ ತಂಗಿ ಪಾರ್ಸೆಲ್ ಕಳಿಸಿದ್ದಳು. ಚಟ್ನಿಪುಡಿ, ಕೋಡುಬಳೆ, ಎರಡು ಕೆ.ಜಿ. ರಾಗಿ ಹಿಟ್ಟು. ಪಾಸ್‌ಪೋರ್ಟ್ ತಂದು ಪಾರ್ಸೆಲ್ ತಗೊಂಡು ಹೋಗಿ ಅಂತ ಚೀಟಿ ಬಂತು. ಹಿಂದಿನ ರಾತ್ರಿ ಕೂತು ಏನು ಹೇಳಬೇಕು ಅಂತ ಬಾಯಿಪಾಠ ಮಾಡಿದೆ. ‘ನಮಸ್ಕಾರ, ನಾನು ನನ್ನ ಪಾರ್ಸೆಲ್ ತೆಗೆದುಕೊಂಡು ಹೋಗಲು ಬಂದಿದ್ದೇನೆ.’ ಕೌಂಟರ್ ಹುಡುಗಿಗೆ ಸ್ವರ ತಪ್ಪದ ಹಾಗೆ ಹೇಳಿದೆ. ಅದೇ ತಪ್ಪಾಯ್ತು. ಇವನಿಗೆ ಭಾಷೆ ಬರುತ್ತೆ ಅಂದುಕೊಂಡು ಅವಳು ಪಟಪಟ ಮಾತಾಡಿ, ಚೀಟಿ ತಿರುಗಿಸಿ, ಪೆನ್ನು ಮುಂದಿಟ್ಟಳು. ಅದರ ತುಂಬ ತುಂಬಬೇಕಾದ ಖಾಲಿ ಜಾಗ. ಇಂಗ್ಲಿಷ್ ಒಂದಕ್ಷರ ಇಲ್ಲ. ಫೋಟೋ ಹೊಡೆದು ಟ್ರಾನ್ಸ್‌ಲೇಟ್ ಮಾಡೋಣ ಅಂದರೆ ಹೊರಗಿನ ಚಳಿಗೆ ಫೋನ್ ಸ್ವಿಚ್ ಆಫ್ ಆಗಿತ್ತು. ಹಿಂದೆ ಐದಾರು ಜನರ ಕ್ಯೂ. ಹುಡುಗಿ ಪೆನ್ನಿನಿಂದ ಚೀಟಿ ಮೇಲೆ ಟಕ್ ಟಕ್ ಅಂತ ಕುಟ್ಟಿ ತೋರಿಸಿದಳು. ಇಲ್ಲೇ ಇದೆಯಲ್ಲ ಅನ್ನೋ ಹಾಗೆ.

‘ನನಗೆ ಓದೋಕೆ ಬರಲ್ಲ’ ಅನ್ನಬಹುದಿತ್ತು. ಆ ವಾಕ್ಯ ನನಗೆ ಗೊತ್ತಿತ್ತು, ಮೊದಲ ತಿಂಗಳಲ್ಲೇ ಕಲಿಸಿದ್ದರು. ಆದರೆ ಬಾಯಿಂದ ಬಂದದ್ದೇ ಬೇರೆ. ‘ಕನ್ನಡಕ ತಂದಿಲ್ಲ’ ಅನ್ನೋಕೆ ಹೋದೆ.

ಚೀನೀ ಭಾಷೆಯಲ್ಲಿ ಕನ್ನಡಕಕ್ಕೆ ಯೆನ್‌ಜಿಂಗ್ ಅಂತಾರೆ. ಕಣ್ಣಿಗೂ ಯೆನ್‌ಜಿಂಗ್ ಅಂತಾರೆ. ವ್ಯತ್ಯಾಸ ಇರೋದು ಕೊನೆಯ ಸ್ವರದಲ್ಲಿ. ಕನ್ನಡಕ ಅನ್ನೋಕೆ ಅದನ್ನು ದಡಕ್ಕನೆ ಇಳಿಸಬೇಕು. ನಾನು ಗಾಬರಿಯಲ್ಲಿ ಇಳಿಸಲಿಲ್ಲ.

ನಾನು ಹೇಳಿದ್ದು, ‘ನನಗೆ ಕಣ್ಣಿಲ್ಲ.’

ಹುಡುಗಿ ನನ್ನ ಮುಖ ನೋಡಿದಳು. ಕ್ಯೂನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಹಿಂದೆ ಒಬ್ಬ ಅಜ್ಜಿ ನಿಂತಿದ್ದರು. ದಪ್ಪ ಕೋಟು, ಕೈಯಲ್ಲಿ ತರಕಾರಿ ಚೀಲ. ಅವರು ನಗಲಿಲ್ಲ. ಚೀಲ ಕೆಳಗಿಟ್ಟು, ಚೀಟಿ ತಮ್ಮ ಕಡೆ ಎಳೆದುಕೊಂಡು, ಪೆನ್ನು ತೆಗೆದುಕೊಂಡರು. ಮಗುವಿನ ಹತ್ತಿರ ಮಾತಾಡೋ ಹಾಗೆ ನಿಧಾನಕ್ಕೆ ಕೇಳಿದರು, ಯಾವ ದೇಶ? ‘ಯಿನ್‌ದು’ ಅಂದೆ. ಬರೆದರು. ಪಾಸ್‌ಪೋರ್ಟ್ ಕೇಳಿ ನಂಬರ್ ನೋಡಿ ಬರೆದರು. ಫೋನ್ ನಂಬರ್ ಒಂದೊಂದೇ ಅಂಕಿ ಹೇಳಿಸಿ ಬರೆದರು. ಕೊನೆಗೆ ಚೀಟಿ ನನ್ನ ಕಡೆ ತಳ್ಳಿ, ಕೆಳಗಿನ ಮೂಲೆಯಲ್ಲಿ ಬೆರಳಿಟ್ಟು ‘ಇಲ್ಲಿ’ ಅಂದರು. ಸಹಿ ಮಾಡೋಕೆ.

ಆ ಬೆರಳು ನೋಡಿದಾಗ ನನಗೆ ಊರಿನ ಹಾಲಿನ ಡೈರಿ ಕಣ್ಣ ಮುಂದೆ ಬಂತು. ಬಟವಾಡೆ ದಿನ ಅವ್ವನ ಜೊತೆ ಹೋಗ್ತಿದ್ದವನು ನಾನೇ. ಅವಳ ಹೆಬ್ಬೆರಳು ಹಿಡಿದು ಇಂಕ್ ಪ್ಯಾಡಿಗೆ ಒತ್ತಿ, ರಿಜಿಸ್ಟರ್‌ನಲ್ಲಿ ಬೆರಳಿಟ್ಟು ‘ಇಲ್ಲಿ’ ಅಂತಿದ್ದೆ. ಅವ್ವ ಒತ್ತಿ, ಸೆರಗಿಗೆ ಬೆರಳು ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಬರ್ತಿದ್ದಳು. ಯಾಕೆ ಯಾರ ಮುಖವನ್ನೂ ನೋಡ್ತಿರಲಿಲ್ಲ ಅಂತ ಪಾರ್ಸೆಲ್ ಹಿಡಿದುಕೊಂಡು ಆ ಪೋಸ್ಟ್ ಆಫೀಸಿಂದ ಹೊರಗೆ ಬರುವಾಗ ಗೊತ್ತಾಯ್ತು. ನಾನೂ ಯಾರನ್ನೂ ನೋಡಲಿಲ್ಲ. ಆ ಅಜ್ಜಿಗೆ ಥ್ಯಾಂಕ್ಸ್ ಕೂಡ ಸರಿಯಾಗಿ ಹೇಳಲಿಲ್ಲ.

ಅಲ್ಲಿ ವಾಟ್ಸಾಪ್ ನಡೆಯೋದಿಲ್ಲ. ಹೋಗೋ ಮುಂಚೆ ತಂಗಿಯ ಕೈಲಿ ಅವ್ವನ ಫೋನಿಗೆ ವಿಚಾಟ್ ಹಾಕಿಸಿದ್ದೆ. ಅದರಲ್ಲಿ ಒಂದು ಬಟನ್ ಒತ್ತಿ ಹಿಡಿದು ಮಾತಾಡಿದರೆ ವಾಯ್ಸ್ ಮೆಸೇಜ್ ಹೋಗುತ್ತೆ. ಓದೋದು ಬೇಡ, ಬರೆಯೋದು ಬೇಡ. ಅವ್ವ ಅದನ್ನು ನನಗಿಂತ ಬೇಗ ಕಲಿತಿದ್ದಳು. ‘ನಿ ಹಾವ್’ ಅಂದರೆ ಅವರ ಕಡೆ ನಮಸ್ಕಾರ ಅಂತ ಹೇಳಿಕೊಟ್ಟಾಗ, ‘ಏನ್ಲಾ ಮಗ, ಎದುರಿಗೆ ಬಂದೋರ್ನೆಲ್ಲ ನೀ ಹಾವು, ನೀ ಹಾವು ಅಂತಾರಾ? ಒಳ್ಳೆ ಜನ ಬಿಡು’ ಅಂತ ನಕ್ಕಿದ್ದಳು.

ಆ ರಾತ್ರಿ ಕಾಲ್ ಮಾಡಿದೆ. ಪಾರ್ಸೆಲ್ ಬಂತು ಅಂದೆ. ನಗಿಸೋಣ ಅಂತ ಕಣ್ಣು-ಕನ್ನಡಕದ ಕಥೆ ಹೇಳಿದೆ. ಅವ್ವ ನಕ್ಕಳು. ಕೆಮ್ಮು ಬರೋವರೆಗೂ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದಳು. ಲೈನ್ ಕಟ್ ಆಯ್ತೇನೋ ಅಂದುಕೊಂಡೆ.

‘ಅಂಗಾರೆ ನೀನೂ ಕನ್ನಡಕ ತಂದಿಲ್ಲ ಅಂದ್ಯಾ?’ ಅಂದಳು.

ಅವಳಿಗೆ ನೆನಪಿತ್ತು. ಐದು ವರ್ಷ ಅವಳು ಅದನ್ನು ಒಂದು ಸಲವೂ ಎತ್ತಿ ಆಡಿರಲಿಲ್ಲ. ನಾನು ಏನಾದರೂ ಹೇಳಬೇಕಿತ್ತು. ‘ಹೂಂ’ ಅಂದೆ. ಯಾವ ಸ್ವರದಲ್ಲಿ ಅಂದೆನೋ. ಅವ್ವ ‘ಉಂಡು ಮಲಿಕ್ಕೊ, ಚಳಿ ಅದೆ’ ಅಂತ ಫೋನಿಟ್ಟಳು.

ಆಮೇಲೆ ನಾನು ಓದೋದರ ಬಗ್ಗೆ ಸ್ವಲ್ಪ ಬೇರೆ ಥರ ಯೋಚಿಸೋಕೆ ಶುರು ಮಾಡಿದೆ. ಪಿನ್‌ಯಿನ್ ತಯಾರಿಸಿದ ಸಮಿತಿಯಲ್ಲಿ ಮುಖ್ಯರಾಗಿದ್ದವರು ಝೌ ಯೌಗುವಾಂಗ್. ಅವರು ಮೂಲತಃ ಅರ್ಥಶಾಸ್ತ್ರಜ್ಞರು, ನ್ಯೂಯಾರ್ಕ್‌ನಲ್ಲಿ ಬ್ಯಾಂಕ್ ಕೆಲಸ ಮಾಡಿದವರು. 1958ರಲ್ಲಿ ಪಿನ್‌ಯಿನ್ ಜಾರಿಗೆ ಬಂತು. ಅದಕ್ಕೂ ಎರಡು ವರ್ಷ ಮುಂಚೆ ಕಷ್ಟದ ಅಕ್ಷರಗಳ ಗೆರೆ ಕಡಿಮೆ ಮಾಡಿ ಸರಳಗೊಳಿಸುವ ಕೆಲಸ ಶುರುವಾಗಿತ್ತು. ಓದು ಬಾರದ ಕೋಟಿಗಟ್ಟಲೆ ಜನರಿಗೆ ಓದು ಕಲಿಸೋದು ಇವೆರಡರ ದೊಡ್ಡ ಗುರಿಯಾಗಿತ್ತು. ಇವತ್ತು ಚೀನಾದಲ್ಲಿ ಹೆಚ್ಚಿನ ಜನ ಫೋನಿನಲ್ಲಿ ಟೈಪ್ ಮಾಡೋದು ಆ ಪಿನ್‌ಯಿನ್‌ನಿಂದಲೇ. ಝೌ ಅವರು 2017ರಲ್ಲಿ, 111 ವರ್ಷ ತುಂಬಿದ ಮರುದಿನ ತೀರಿಕೊಂಡರು. ನಾನು ದಿನಾ ಬಳಸುತ್ತಿದ್ದ ಕೀಬೋರ್ಡಿನ ಹಿಂದೆ ಇಂಥದೊಂದು ಕಥೆ ಇದೆ ಅಂತ ಗೊತ್ತಾದಾಗ ಅವ್ವನ ನೆನಪಾಯ್ತು. ಅವಳ ಕಾಲಕ್ಕೆ ಊರಲ್ಲೇ ಸ್ಕೂಲಿತ್ತು. ಅವಳ ಅಣ್ಣ ಹೋದ. ಅವಳು ಎಮ್ಮೆ ಕಾದಳು.

2019ರ ಜುಲೈನಲ್ಲಿ ಎಚ್‌ಎಸ್‌ಕೆ ನಾಲ್ಕನೇ ಹಂತ ಪಾಸಾಗಿ ವಾಪಸ್ ಬಂದೆ. 1200 ಪದ. ಶೆಂಜೆನ್ ಕಾಲ್‌ನ ಆ ಹತ್ತು ನಿಮಿಷದಲ್ಲಿ ಅವರು ಮಾತಾಡ್ತಿದ್ದದ್ದು ಮಧ್ಯಾಹ್ನ ಏನು ಊಟ ಆರ್ಡರ್ ಮಾಡೋದು ಅಂತಲೂ ಇರ್ತಿತ್ತು ಅನ್ನೋದು ಈಗ ಗೊತ್ತು.

ಊರಿಗೆ ಹೋದಾಗ ಅವ್ವನಿಗೆ ನನ್ನ ಚೌಕದ ಪುಸ್ತಕ ತೋರಿಸಿದೆ. ಎಷ್ಟು ಚೆನ್ನಾಗಿದೆ ಅಂತಾಳೆ ಅಂದುಕೊಂಡಿದ್ದೆ. ಅವಳು ಒಂದು ಅಕ್ಷರದ ಮೇಲೆ ಬೆರಳಾಡಿಸಿ, ‘ಇದ ಎಲ್ಲಿಂದ ಸುರು ಮಾಡ್ತರೆ?’ ಅಂದಳು. ಇಡೀ ವರ್ಷ ನಮ್ಮ ಟೀಚರ್ ನಮ್ಮ ತಲೆಗೆ ತುಂಬೋಕೆ ಒದ್ದಾಡಿದ್ದು ಅದೊಂದೇ ಪ್ರಶ್ನೆ. ಯಾವ ಗೆರೆ ಮೊದಲು? ದಿನಾ ಬೆಳಗ್ಗೆ ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಎಳೆಯುವವಳಿಗೆ ಅದು ಯಾರೂ ಹೇಳಿಕೊಡದೆ ಗೊತ್ತಿತ್ತು.

ಆಗ ಧೈರ್ಯ ಮಾಡಿ ಕೇಳಿದೆ, ‘ಅವ್ವ, ಓದೋದು ಕಲೀತೀಯಾ? ನಾನು ಹೇಳಿಕೊಡ್ತೀನಿ.’

‘ಈಗ್ಯಾಕಪ್ಪ?’ ಅಂದಳು. ‘ನಂಗೆ ಬೇಕಾದಷ್ಟು ಬತ್ತದೆ.’ ಏನು ಬರುತ್ತೆ ಅಂದರೆ, ಬಸ್ಸಿನ ಬೋರ್ಡಿನ ಲೆಕ್ಕ ಹೇಳಿದಳು. ಹಾಸನ ಅಂದರೆ ಮೂರೇ ಅಕ್ಷರ, ಗಿಡ್ಡ ಬೋರ್ಡು. ಚನ್ನರಾಯಪಟ್ಟಣ ಅಂದರೆ ಉದ್ದಕ್ಕೆ ಗುಬ್ಬಚ್ಚಿ ಸಾಲು, ಮಧ್ಯೆ ಮಧ್ಯೆ ಕೆಳಗೆ ನೇತಾಡೋ ಬಾಲ. ಬೆಂಗಳೂರು ಅಂದರೆ ಎರಡನೇದು ಸೊನ್ನೆ. ಗುಡ್ಡದ ಮೇಲೆ ಗುಡ್ಡ, ಪಕ್ಕದಲ್ಲೊಂದು ಡಬ್ಬಿ ಅಂತ ನಾನು ಬೀಜಿಂಗ್ ಮೆಟ್ರೋದಲ್ಲಿ ದಾರಿ ಹುಡುಕಿದ್ದು ಇದೇ ರೀತಿ. ನಾನು ಒಂದು ವರ್ಷ ಮಾಡಿದ್ದನ್ನು ಅವಳು ಜೀವನ ಪೂರ್ತಿ ಮಾಡಿಕೊಂಡು ಬಂದಿದ್ದಾಳೆ. ಮೆಜೆಸ್ಟಿಕ್‌ನ ಸಿಟಿ ಬಸ್ಸುಗಳ ಆಕಾರ ಅವಳಿಗೆ ಆವತ್ತು ಇನ್ನೂ ಗೊತ್ತಿರಲಿಲ್ಲ, ಅಷ್ಟೇ.

ನಾನು ಕ್ಷಮೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ರೂಢಿ ಇಲ್ಲ. ಆದರೆ ಒಂದು ಬದಲಾವಣೆ ಆಗಿದೆ. ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ಯಾರಾದರೂ, ಹೊರಗಿನಿಂದ ಕೆಲಸಕ್ಕೆ ಬಂದ ಹುಡುಗನೋ ಹಳ್ಳಿಯ ಹೆಂಗಸೋ, ‘ಇದು ಎಲ್ಲಿಗೆ ಹೋಗುತ್ತೆ?’ ಅಂತ ಕೇಳಿದರೆ ಬೋರ್ಡ್ ಕಡೆ ಕೈ ತೋರಿಸೋದಿಲ್ಲ. ಓದಿ ಹೇಳ್ತೀನಿ.

2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಅವ್ವನನ್ನು ಹಿಡಿಯೋರೇ ಇಲ್ಲ. ಧರ್ಮಸ್ಥಳ, ಹೊರನಾಡು, ಮಲೆ ಮಹದೇಶ್ವರ ಬೆಟ್ಟ ಎಲ್ಲ ಆಯ್ತು. ಕಳೆದ ವರ್ಷ ದೂರದ್ದು ಮಸುಕು ಅಂತ ಹೇಳಿದಳು. ಚನ್ನರಾಯಪಟ್ಟಣದಲ್ಲಿ ಕಣ್ಣು ಟೆಸ್ಟ್ ಮಾಡಿಸಿ ಕನ್ನಡಕ ಕೊಡಿಸಿದೆ. ಇದು ನಿಜವಾದ ಕನ್ನಡಕ, ಕಂದು ಫ್ರೇಮಿನದು.

ಹೋದ ತಿಂಗಳು ಇಬ್ಬರೂ ಮೆಜೆಸ್ಟಿಕ್‌ನಲ್ಲಿ ಇಳಿದೆವು. ನಾನು ಬ್ಯಾಗ್ ಎತ್ತಿಕೊಳ್ಳುವಷ್ಟರಲ್ಲಿ ಅವ್ವ ಮುಂದೆ ಹೋಗಿ ನಿಂತಿದ್ದಳು. ಡಬ್ಬಿಯಿಂದ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಹಾಕಿಕೊಂಡು, ಎದುರಿಗಿದ್ದ ಬಸ್ಸಿನ ಬೋರ್ಡನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಕಡೆ ತಿರುಗಿದಳು.

‘ಇದು ಎಲ್ಲಿಗೋಯ್ತದವ್ವ?’